ಊದಿದ ದವಡೆಯೊಳಗೆ ಏನಿತ್ತು? ಹೇಳಿ ನೋಡೋಣ!

ನಿಮ್ಮ ಬಾಯಲ್ಲಿ ಎಷ್ಟು ಹಲ್ಲಿವೆ? ಮೂವತ್ತೆರಡು ಅಂದಿರಾ? ಭೇಷ್! ಈಗ ಚೆನ್ನೈಗೆ ಬನ್ನಿ. 2019. ಸವೀತಾ ದಂತ ವೈದ್ಯಕೀಯ ಕಾಲೇಜು. ಬಂದವನು ಏಳು ವರ್ಷದ ಹುಡುಗ. ಬಲಗಡೆಯ ಕೆಳದವಡೆ ಊದಿದೆ.

ಮೂರು ವರ್ಷದವನಿದ್ದಾಗಲೇ ಊತ ಕಂಡಿತ್ತು. ಆಗ ಮಗು ತಪಾಸಣೆಗೆ ಕೂತರೆ ತಾನೇ!

ಈ ಸಲ ಎಕ್ಸ್-ರೇ ತೆಗೆದರು. ಸಿ.ಟಿ. ಸ್ಕ್ಯಾನ್ ಮಾಡಿದರು. ಅಬ್ಬಾ! ಮೂಳೆಯೊಳಗೊಂದು ಚೀಲ. ಅದರ ತುಂಬ ಬಿಳಿ ಬಿಳಿ ಚೂರು. ಚೂರಲ್ಲ ಸ್ವಾಮಿ, ಹಲ್ಲು!

ಇದು ಕಾಂಪೌಂಡ್ ಒಡೊಂಟೋಮಾ. ಹೆದರಬೇಡಿ, ಕ್ಯಾನ್ಸರ್ ಅಲ್ಲ. ಹಲ್ಲು ಕಟ್ಟುವ ಜೀವಕೋಶಗಳು ಲೆಕ್ಕ ತಪ್ಪಿ ಕಟ್ಟುತ್ತಲೇ ಹೋದರೆ ಆಗುವ ಗಡ್ಡೆ. ಸಾಮಾನ್ಯವಾಗಿ ಚಿಕ್ಕದು, ನೋವೂ ಇರದು. ಬರಬೇಕಾದ ಹಲ್ಲು ಯಾಕೆ ಬರಲಿಲ್ಲ ಎಂದು ಎಕ್ಸ್-ರೇ ತೆಗೆದಾಗ ಸಿಕ್ಕಿಬೀಳುವುದೇ ಹೆಚ್ಚು.

ಇಲ್ಲಿ ಎಷ್ಟಿದ್ದವು? ಊಹಿಸಿ! ಐವತ್ತು? ನೂರು? 2014ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಒಬ್ಬ ಹುಡುಗನ ದವಡೆಯಿಂದ 232 ತೆಗೆದಾಗ ಜನ ಮೂಗಿನ ಮೇಲೆ ಬೆರಳಿಟ್ಟಿದ್ದರು. ಅದಕ್ಕಿಂತಲೂ ಹೆಚ್ಚು!

ದವಡೆಯನ್ನು ಮೇಲಿನಿಂದ ಕೊರೆದರು. ಪಕ್ಕದ ಮೂಳೆ ಮುರಿಯದೆ ಚೀಲವನ್ನು ಇಡಿಯಾಗಿ ಎತ್ತಿದರು. ತೂಕ ಸುಮಾರು 200 ಗ್ರಾಂ! ಆಮೇಲೆ ಚೀಲದೊಳಗಿಂದ ಒಂದೊಂದೇ ಬಿಡಿಸುವ ಕೆಲಸ. ಅದಕ್ಕೇ ನಾಲ್ಕೈದು ಗಂಟೆ ಹಿಡಿಯಿತು.

526!

ಅತಿ ದೊಡ್ಡದು 15 ಮಿಲಿಮೀಟರ್. ಅತಿ ಚಿಕ್ಕದು? 0.1! ಸಾಸಿವೆಗಿಂತ ಎಷ್ಟೋ ಸಣ್ಣದಾದ ಆ ಚೂರಿಗೂ ತಲೆ ಉಂಟು, ಬೇರು ಉಂಟು, ಮೇಲೆ ಎನಾಮಲ್ ಹೊದಿಕೆಯೂ ಉಂಟು! ನನಗಂತೂ 526ಕ್ಕಿಂತ ಇದೇ ದೊಡ್ಡ ಬೆರಗು. ಗಡ್ಡೆ ಎಂದರೆ ಅಡ್ಡಾದಿಡ್ಡಿ ಬೆಳವಣಿಗೆ ತಾನೇ? ಈ ಗಡ್ಡೆ ತಪ್ಪನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡಿದೆ ನೋಡಿ!

ಹುಡುಗ ಬಾಯಲ್ಲಿ 21 ಹಲ್ಲು ಉಳಿಸಿಕೊಂಡು ಮನೆಗೆ ಹೋದ.

ತಾಳಿ, ಹೋಗಬೇಡಿ! ಈ ಕಾಯಿಲೆ ಎಷ್ಟು ಹಳೆಯದು? ಸಾವಿರ ವರ್ಷ? ಲಕ್ಷ? ಡೈನೋಸಾರ್ ಕಾಲದ್ದು ಅಂದಿರಾ? ಇನ್ನೂ ಹಿಂದೆ!

ಟಾಂಜಾನಿಯಾದಲ್ಲಿ ಗೊರ್ಗೊನಾಪ್ಸಿಯನ್ ಎಂಬ ಬೇಟೆಗಾರ ಪ್ರಾಣಿಯ ದವಡೆಯ ಪಳೆಯುಳಿಕೆ ಸಿಕ್ಕಿತ್ತು. ಸ್ತನಿಗಳ ದೂರದ ನಂಟ, ಉದ್ದ ಕೋರೆಯವನು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆ ದವಡೆಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರು. ಹಲ್ಲು ಮೂಳೆಗೆ ಹೇಗೆ ಅಂಟಿಕೊಂಡಿತ್ತು ಎಂದಷ್ಟೇ ಅವರು ನೋಡಬೇಕಿತ್ತು. ಕಂಡಿದ್ದೇನು? ಕೋರೆಹಲ್ಲಿನ ಬೇರಿನ ಪಕ್ಕದಲ್ಲಿ ಪುಟಾಣಿ ಹಲ್ಲುಗಳ ಗುಂಪು! ಒಡೊಂಟೋಮಾ!

ವಯಸ್ಸು? 25.5 ಕೋಟಿ ವರ್ಷ! ಅಲ್ಲಿಯವರೆಗೆ ಗೊತ್ತಿದ್ದ ಅತಿ ಹಳೆಯದಕ್ಕೆ ಸುಮಾರು 10 ಲಕ್ಷ ವರ್ಷ, ಅಷ್ಟೇ.

2016ರ ಡಿಸೆಂಬರಿನಲ್ಲಿ ಇದು ಎಲ್ಲಿ ಪ್ರಕಟವಾಯಿತು ಗೊತ್ತೇ? ಪಳೆಯುಳಿಕೆಗಳ ಪತ್ರಿಕೆಯಲ್ಲಲ್ಲ. ಕ್ಯಾನ್ಸರ್ ವೈದ್ಯರು ಓದುವ ‘ಜಾಮಾ ಆಂಕಾಲಜಿ’ಯಲ್ಲಿ!