ಟೊಮೇಟೊ ತಳಿಯನ್ನು ನಮ್ಮ ಹೊಲದಲ್ಲಿಯೇ ಒರೆಹಚ್ಚುವ ಕ್ರಮ



ಅಂಗಡಿಯ ಬೀಜದ ಪೊಟ್ಟಣಗಳ ಮೇಲೆಲ್ಲ ಹಣ್ಣು ಕೆಂಪಗೆ, ಗುಂಡಗೆ ಇರುತ್ತದೆ. ನಮ್ಮ ಮಣ್ಣಿಗೆ ಯಾವುದು ಒಗ್ಗುವುದೆಂದು ಪೊಟ್ಟಣ ಹೇಳಲಾರದು. ಒಂದು ಎಕರೆ ಹಾಕಿದ ಮೇಲೆ ಗಿಡ ಸೊರಗಿದರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಮಣ್ಣುಪಾಲು. ಆದ್ದರಿಂದ ಮೊದಲು ಎರಡು ಮೂರು ಗುಂಟೆಯಲ್ಲಿ ನೋಡತಕ್ಕದ್ದು.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಸಂಕರಣ ತಳಿಗೆ ಎಲೆಮುದುರು ನಂಜು, ದುಂಡಾಣು ಸೊರಗು ರೋಗ, ಮೊದಲ ಅಂಗಮಾರಿ ಈ ಮೂರನ್ನೂ ತಡೆಯುವ ಗುಣವಿದೆ. ಕಾಯಿಕೊರಕ ಹುಳಕ್ಕೆ ಅದು ಅಡ್ಡಿಯಲ್ಲ. ‘ರೋಗ ನಿರೋಧಕ’ ಎಂದು ಯಾರಾದರೂ ಹೇಳಿದರೆ, ಯಾವ ರೋಗಕ್ಕೆ ಎಂದು ಕೇಳಿಯೇ ಕೊಳ್ಳಿರಿ. ಸಂಕರಣದ ಹಣ್ಣಿನಿಂದ ಬೀಜ ತೆಗೆದಿಟ್ಟರೆ ಮುಂದಿನ ಬೆಳೆಯಲ್ಲಿ ಅದೇ ಗುಣ ಬಾರದೆಂಬುದೂ ನೆನಪಿರಲಿ.

ಈ ತಳಿಯನ್ನೂ ನೀವು ಈಗ ಬೆಳೆಯುವ ತಳಿಯನ್ನೂ ಒಂದೇ ದಿನ ಸಸಿಮಡಿಗೆ ಹಾಕಿ, ಒಂದೇ ದಿನ ನಾಟಿ ಮಾಡಿ. ತಲಾ 20 ಗಿಡದಂತೆ ಹೊಲದ ಮೂರು ಕಡೆ ಇರಲಿ. ಬದುವಿನ ಮಾವಿನ ಮರದ ನೆರಳಿಗೆ ಒಂದು ತಳಿ, ಗೊಬ್ಬರದ ಗುಂಡಿಯ ಮಗ್ಗುಲಿಗೆ ಇನ್ನೊಂದು ಎಂದಾದರೆ ಅದು ತಳಿಯ ಪರೀಕ್ಷೆಯಲ್ಲ, ಜಾಗದ ಪರೀಕ್ಷೆ. ನೀರು, ಗೊಬ್ಬರ, ಔಷಧಿ ಎರಡಕ್ಕೂ ಸಮನಾಗಿರಬೇಕು.

ಪ್ರತಿ ಕೊಯ್ಲನ್ನೂ ತೂಗಿ ಬರೆದಿಡಿ. ಒಟ್ಟು ತೂಕವೊಂದೇ ಸಾಲದು. ಒಂದು ತಳಿ 60 ಕಿಲೋ ಕೊಟ್ಟು 18 ಕಿಲೋ ಒಡೆದು ಕೊಳೆತರೆ ಮಾರಲು ಉಳಿಯುವುದು 42 ಕಿಲೋ. 50 ಕಿಲೋ ಕೊಟ್ಟು 4 ಕಿಲೋ ಮಾತ್ರ ಕೆಟ್ಟ ತಳಿಯೇ ಮೇಲು. ಸರಾಸರಿ ತೆಗೆಯುವಾಗ ನಾಟಿ ಮಾಡಿದ 20 ಗಿಡದಿಂದಲೇ ಭಾಗಿಸಿ. ಬದುಕುಳಿದ ಗಿಡಗಳಿಂದ ಭಾಗಿಸಿದರೆ ಸತ್ತ ಗಿಡಗಳ ನಷ್ಟ ಲೆಕ್ಕದಿಂದ ಜಾರಿಹೋಗುತ್ತದೆ. ಹತ್ತು ಹಣ್ಣನ್ನು ನೆರಳಿನಲ್ಲಿಟ್ಟು ಎಷ್ಟು ದಿನ ಗಟ್ಟಿಯಾಗಿರುವುದೆಂದೂ ನೋಡಿ. ಬೆಂಗಳೂರಿನ ಪೇಟೆಗೆ ಕಳಿಸುವವರಿಗೆ ಇದು ಮುಖ್ಯ.

ಎಲೆ ಹಸಿರಾಗಿದ್ದಂತೆಯೇ ಗಿಡ ಬಾಡಿತೇ? ಬುಡದ ಕಾಂಡವನ್ನು ಕತ್ತರಿಸಿ, ತುದಿ ಗಾಜಿನ ಲೋಟದ ತಿಳಿನೀರಿನಲ್ಲಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು. ಈ ರೋಗಾಣು ಮಣ್ಣಿನಲ್ಲಿಯೇ ಉಳಿಯುವುದರಿಂದ ಅಲ್ಲಿ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೇಡ. ರಾಗಿ ಅಥವಾ ಮುಸುಕಿನ ಜೋಳ ಹಾಕಿರಿ.

ಸಂಶಯವಿದ್ದವರು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ತೂಕದ ಪುಸ್ತಕವನ್ನೂ, ಬೇರು ಸಮೇತ ಕಿತ್ತ ಒಂದು ಗಿಡವನ್ನೂ ಒಯ್ಯಿರಿ.