ಕೂಡದ ಬಿಡಿಭಾಗ, ಕೂಡಿಸುವ ಕೈ

ಅಜ್ಜಿಯ ಹೊಲಿಗೆ ಯಂತ್ರದ ಮೇಲೆ ಸಿಂಗರ್ ಹೆಸರನ್ನೂ ಹಳೆಯ ಕಚೇರಿಗಳ ಟೈಪ್‌ರೈಟರಿನ ಮೇಲೆ ರೆಮಿಂಗ್ಟನ್ ಹೆಸರನ್ನೂ ಕಂಡವರಿಗೆ, ಆ ಹೆಸರಿನ ಕಂಪನಿಗಳು ಒಂದು ಕಾಲಕ್ಕೆ ಪಿಸ್ತೂಲು ಮಾಡಿದ್ದವು ಎಂದರೆ ಸುಲಭಕ್ಕೆ ನಂಬಿಕೆ ಬರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಗೆ ಬೇಕಾದಷ್ಟು ಪಿಸ್ತೂಲುಗಳನ್ನು ಕೋಲ್ಟ್ ಕಂಪನಿಯೊಂದೇ ಪೂರೈಸುವಂತಿರಲಿಲ್ಲ. ಸಿರಾಕ್ಯೂಸಿನ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ತಯಾರಿಸುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್, ಜೋಡುನಳಿಗೆಯ ಬಂದೂಕಿಗೆ ಹೆಸರಾದ ಇಥಾಕಾ, ಎಲ್ಲವೂ ಒಂದೇ ನಕ್ಷೆ ಹಿಡಿದು ಕೆಲಸಕ್ಕೆ ಕೂತವು. ಸಿಂಗರ್ ಬರೀ 500 ಪಿಸ್ತೂಲು ಮಾಡಿ ಬೇರೆ ಯುದ್ಧೋಪಕರಣಗಳತ್ತ ಹೊರಳಿತು. ಆ ಐನೂರರಲ್ಲಿ ಒಂದು ಕೈಗೆ ಸಿಕ್ಕರೆ ಸಾಕೆಂದು ಹಳೆಯ ಆಯುಧಗಳ ಸಂಗ್ರಾಹಕರು ಇಂದಿಗೂ ಹಪಹಪಿಸುತ್ತಾರೆ.

ಸೇನೆಯದು ಒಂದು ಕಟ್ಟುನಿಟ್ಟು ಇತ್ತು. ತಪಾಸಣೆಗಾರರು ಕೆಲವು ಪಿಸ್ತೂಲುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, ಕೈಗೆ ಸಿಕ್ಕಿದ್ದನ್ನು ಜೋಡಿಸಿ ಗುಂಡು ಹಾರಿಸಿ ನೋಡುತ್ತಿದ್ದರು. ಮೇಲಿನ ಯಾವ ಸ್ಲೈಡ್ ಕೆಳಗಿನ ಯಾವ ಫ್ರೇಮಿಗೆ ಹೋದರೂ ನಡೆಯಬೇಕು. ಯುದ್ಧ ಮುಗಿದ ಮೇಲೆ ರಿಪೇರಿಯಾಗಿ ಬಂದ ಎಷ್ಟೋ ಪಿಸ್ತೂಲುಗಳ ಮೇಲ್ಭಾಗ ಕೋಲ್ಟಿನದು, ಕೆಳಭಾಗ ರೆಮಿಂಗ್ಟನ್ ರ‍್ಯಾಂಡಿನದು. ಆದರೂ ನಡೆಯುತ್ತಿದ್ದವು.

ಈ ಪಿಸ್ತೂಲು 1911. ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಮೋಸಸ್ ಬ್ರೌನಿಂಗ್ ಇದರ ಕರ್ತೃ. 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಈ .45 ಅಂಗುಲದ ಆಯುಧ 1985ರಲ್ಲಿ ಬೆರೆಟ್ಟಾ ಬರುವ ತನಕ ಅಲ್ಲಿನ ಅಧಿಕೃತ ಪಿಸ್ತೂಲು. ಕೆಸರು, ಮರಳು, ಎಣ್ಣೆಯಿಲ್ಲದ ದಿನಗಳು ಎಲ್ಲವನ್ನೂ ಅದು ತಾಳಿಕೊಂಡಿತು. ತಾಳಿಕೊಳ್ಳಲು ಒಂದು ಕಾರಣ ಅದರ ಸಡಿಲು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹಳೆಯ ಸೈನ್ಯದ ಪಿಸ್ತೂಲು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಯಾರ ಭಾಗ ಯಾರಿಗಾದರೂ ಕೂಡಬೇಕಾದರೆ ನಡುವೆ ಜಾಗ ಬಿಡಲೇಬೇಕು.

ಆ ಸದ್ದು ಸೈನಿಕನಿಗೆ ತೊಂದರೆಯಲ್ಲ, ಗುರಿಕಾರನಿಗೆ ತೊಂದರೆ. ಓಹಾಯೋದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಐವತ್ತು ಗಜ ದೂರದ ಕಾಗದದ ಕಪ್ಪು ವೃತ್ತಕ್ಕೆ ಹೊಡೆಯಬೇಕು. ಸ್ಪರ್ಧಾಳುಗಳ ಈ ಹಟದಿಂದಲೇ ಪಿಸ್ತೂಲು ಬಿಗಿಗೊಳಿಸುವ ಹೊಸ ಕಸುಬು ಬೆಳೆಯಿತು. ಲೂಸಿಯಾನದ ಜಿಮ್ ಕ್ಲಾರ್ಕ್ 1958ರ ರಾಷ್ಟ್ರೀಯ ಪಿಸ್ತೂಲು ಚಾಂಪಿಯನ್, ಜೊತೆಗೆ ಅಂಥ ಪಿಸ್ತೂಲುಗಳನ್ನು ಸಿದ್ಧಮಾಡುವ ಕುಶಲಿ. ಕ್ಯಾಲಿಫೋರ್ನಿಯಾದ ಅರ್ಮಂಡ್ ಸ್ವೆನ್ಸನ್ ಎಡಗೈ ಬಲಗೈ ಎರಡಕ್ಕೂ ಒದಗುವ ಸೇಫ್ಟಿ ಎಂಬ ಸುರಕ್ಷಾ ಕೀಲಿನಿಂದ ಹೆಸರಾದ. ವಾಚ್ ರಿಪೇರಿ ಕಲಿತಿದ್ದ ಬಿಲ್ ವಿಲ್ಸನ್ 1977ರಲ್ಲಿ ಆರ್ಕನ್ಸಾದ ಬೆರಿವಿಲ್ ಊರಿನಲ್ಲಿ, ಮನೆತನದ ಆಭರಣದಂಗಡಿಯ ಹಿಂಬದಿಯಲ್ಲಿ ಪಿಸ್ತೂಲು ಕೆಲಸಕ್ಕೆ ಕೂತ. ಇಂದಿನ ವಿಲ್ಸನ್ ಕಾಂಬ್ಯಾಟ್ ಕಂಪನಿಯ ಆರಂಭ ಅದು. ಗಡಿಯಾರದ ಹಲ್ಲುಚಕ್ರ ಕೂಡಿಸಿದ ಕೈಗೆ ಈ ಕೆಲಸ ಹೊಸದೆನಿಸಿರಲಿಕ್ಕಿಲ್ಲ.

ಅಂಥ ಕುಶಲಿಗಳ ಹಿಂದೆಯೇ ಬಿಡಿಭಾಗಗಳ ಪೇಟೆ ಬೆಳೆಯಿತು. ಅದಕ್ಕೆ ಕಾನೂನಿನ ಆಸರೆಯೂ ಇದೆ. ಅಮೆರಿಕದ ಕೇಂದ್ರ ಕಾನೂನಿನ ಕಣ್ಣಿನಲ್ಲಿ ಸರಣಿ ಸಂಖ್ಯೆ ಹೊತ್ತ ಫ್ರೇಮ್ ಒಂದೇ ಆಯುಧ. ನಳಿಗೆ, ಸ್ಲೈಡ್, ಟ್ರಿಗರ್, ಸೇಫ್ಟಿ ಇವೆಲ್ಲ ಬರೀ ಲೋಹದ ತುಂಡುಗಳು, ಸಾಮಾನ್ಯವಾಗಿ ಅಂಚೆಯಲ್ಲೇ ಬರುತ್ತವೆ. ಹಾಗಾಗಿ ಮನೆಯ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಹೊಸ ನಳಿಗೆಯ ಪೊಟ್ಟಣ ಬಿಚ್ಚುವ ಹವ್ಯಾಸಿಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಕೂಡಲಿಲ್ಲ ಎಂಬ ಗೋಳು ಶುರುವಾಗುವುದೂ ಅಲ್ಲೇ.

ಪೇಟೆಯಲ್ಲಿ ಎರಡು ಜಾತಿಯ ಭಾಗಗಳಿವೆ. ಒಂದಕ್ಕೆ ಡ್ರಾಪ್-ಇನ್ ಎನ್ನುತ್ತಾರೆ, ಹಾಗೇ ಇಳಿಸಿದರೆ ಕೂರುವಂಥದ್ದು. ಇನ್ನೊಂದು ಗನ್‌ಸ್ಮಿತ್ ಫಿಟ್. ಒಳಗೆ ಬಟ್ಟೆ ಬಿಟ್ಟು ಹೊಲಿದ ರವಿಕೆಯಂತೆ, ಅಳತೆಗೆ ತಕ್ಕಂತೆ ಸರಿಮಾಡಿಕೊಳ್ಳಲೆಂದೇ ಇದರಲ್ಲಿ ಲೋಹ ಹೆಚ್ಚು ಬಿಟ್ಟಿರುತ್ತಾರೆ. ಮೊದಲನೆಯದು ಎಲ್ಲ ಪಿಸ್ತೂಲುಗಳಿಗೂ ಹೋಗಬೇಕಾದ್ದರಿಂದ ಯಾವುದಕ್ಕೂ ಪೂರ್ತಿ ಬಿಗಿಯಾಗದು. ಎರಡನೆಯದು ಅರ ಹಿಡಿಯದೆ ಒಳಗೇ ಹೋಗದು. ಕೊಳ್ಳುವವನಿಗೆ ಎರಡನೆಯದರ ಬಿಗಿಯೂ ಬೇಕು, ಮೊದಲನೆಯದರ ಸಲೀಸೂ ಬೇಕು. ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಈ ಆಸೆಯ ಫಲ ಎಂದರೆ ತಪ್ಪಾಗಲಾರದು.

ಉಳಿದರ್ಧಕ್ಕೆ ಕಾರಣ, 1911 ಎಂಬುದು ಈಗ ಒಂದು ಪಿಸ್ತೂಲಿನ ಹೆಸರಾಗಿ ಉಳಿದಿಲ್ಲ. ಪೇಟೆಂಟ್ ಎಂದೋ ಮುಗಿಯಿತು. ಇಲಿನಾಯ್, ಬ್ರೆಜಿಲ್, ಫಿಲಿಪೀನ್ಸ್, ಚೀನಾ ಎಲ್ಲ ಕಡೆಯೂ ತಯಾರಾಯಿತು. ಕೋಲ್ಟ್ ಕಂಪನಿಯೇ 1983ರಲ್ಲಿ ಸೀರೀಸ್ 80 ತಂದು, ಕೈಜಾರಿ ಬಿದ್ದರೂ ಗುಂಡು ಹಾರದಂತೆ, ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್‌ಗೆ ತಡೆಯೊಂದನ್ನು ಸೇರಿಸಿತು. ಹಿಂದಿನ ಸೀರೀಸ್ 70ರ ಸ್ಲೈಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಸ್ಪ್ರಿಂಗ್‌ಫೀಲ್ಡ್ ಹೆಸರಿನ ಖಾಸಗಿ ಕಂಪನಿ ತನ್ನ .45 ಪಿಸ್ತೂಲುಗಳಿಗೂ ಸಣ್ಣ ಅಳತೆಯ ಟೈಟಾನಿಯಂ ಫೈರಿಂಗ್ ಪಿನ್ ಹಾಕುತ್ತದೆ. ಅದಕ್ಕೆ ಸಾಮಾನ್ಯ .45ರ ಪಿನ್ ತಂದು ತೂರಿಸಹೊರಟವನಿಗೆ ರಂಧ್ರ ಸಾಲದು. ಭಾಗ ಕೆಟ್ಟದ್ದಲ್ಲ, ಪಿಸ್ತೂಲೂ ಕೆಟ್ಟದ್ದಲ್ಲ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಪಟ್ಟಿಯನ್ನು ಕೊಂಡವನು ಓದಿರುವುದಿಲ್ಲ ಅಷ್ಟೆ.

ಇನ್ನು ನಿಜವಾದ ಕೈಕೆಲಸ. ಇಲ್ಲಿನ ಲೆಕ್ಕವೆಲ್ಲ ಇಂಚಿನ ಸಾವಿರದ ಒಂದು ಪಾಲಿನಲ್ಲಿ. ಪೀಣ್ಯದ ಲೇತ್ ಕೆಲಸಗಾರರಿಗೆ ಪರಿಚಿತವಾದ 'ಥೌ' ಅದೇ. ಒಂದು ಥೌ ಎಂದರೆ 0.0254 ಮಿಲಿಮೀಟರ್. ಪ್ರತಿ ಭಾಗವೂ ತನ್ನ ನಕ್ಷೆಯ ಮಿತಿಯೊಳಗೇ ಇದ್ದು, ಮೂರು ನಾಲ್ಕು ಭಾಗಗಳ ಹೆಚ್ಚುವರಿ ಥೌಗಳು ಒಂದೇ ದಿಕ್ಕಿಗೆ ಸೇರಿಬಿಟ್ಟರೆ ಪಿಸ್ತೂಲು ಮುಚ್ಚಿಕೊಳ್ಳದು. ಯಾರದೂ ತಪ್ಪಿಲ್ಲದೆ ಕೆಲಸ ಕೆಡುವುದು ಹೀಗೆ.

ಬ್ರೌನಿಂಗನ ವಿನ್ಯಾಸದಲ್ಲಿ ನಳಿಗೆಯ ಬೆನ್ನಿನ ಏಣುಗಳು ಸ್ಲೈಡಿನ ಒಳಗಿನ ತೋಡುಗಳಲ್ಲಿ ಕೂತು ಬೀಗ ಹಾಕಿಕೊಳ್ಳುತ್ತವೆ. ಗುಂಡು ಹಾರಿದಾಗ ಎರಡೂ ಜೊತೆಯಾಗಿ ಸ್ವಲ್ಪ ಹಿಂದೆ ಸರಿಯುತ್ತವೆ, ಆಮೇಲೆ ಕೆಳಗಿರುವ ಲಿಂಕ್ ಎಂಬ ಪುಟ್ಟ ತುಂಡು ನಳಿಗೆಯ ಬಾಲವನ್ನು ಕೆಳಕ್ಕೆಳೆದು ಬೀಗ ಬಿಡಿಸುತ್ತದೆ. ಸಡಿಲು ನಳಿಗೆಯನ್ನು ಬಿಗಿಮಾಡಲು ಅಗ್ಗದ ಉಪಾಯವೊಂದಿದೆ: ಉದ್ದದ ಲಿಂಕ್ ಹಾಕುವುದು. ನಳಿಗೆ ಎತ್ತರಕ್ಕೆ ಏರಿ ಕೂರುತ್ತದೆ, ಬೆರಳಿನಿಂದ ಒತ್ತಿದರೆ ಅಲ್ಲಾಡುವುದಿಲ್ಲ. ಹವ್ಯಾಸಿಗೆ ಖುಷಿ. ಆದರೆ ನಳಿಗೆ ಹೊತ್ತಿಗೆ ಸರಿಯಾಗಿ, ಬೇಕಾದಷ್ಟು ಕೆಳಗಿಳಿಯದೆ ಏಣುಗಳ ಅಂಚು ಸ್ಲೈಡಿಗೆ ಗುದ್ದಿ ಗುದ್ದಿ ಮೊಂಡಾಗುತ್ತದೆ. ಭಾರ ಹೊರಬೇಕಾದ್ದು ನಳಿಗೆಯ ಕೆಳಗಿನ ಪಾದಗಳು, ಲಿಂಕ್ ಅಲ್ಲ. ಅನುಭವಿ ಕುಶಲಿ ನಳಿಗೆಯ ಬೆನ್ನು ನೋಡಿಯೇ ಹೊಟ್ಟೆಯಲ್ಲಿನ ತಪ್ಪು ಹೇಳುತ್ತಾನೆ.

ನಳಿಗೆಯ ಮುಂತುದಿಯನ್ನು ಸುತ್ತ ಹಿಡಿಯುವ ಬುಶಿಂಗ್ ಎಂಬ ಬಳೆಯದೂ ಇದೇ ಕತೆ. ಬಿಗಿಯಾದಷ್ಟೂ ಒಳ್ಳೆಯದೆಂದು ನಂಬಿ ತೀರಾ ಬಿಗಿಯದನ್ನು ಹಾಕಿದರೆ, ನಳಿಗೆ ಓರೆಯಾಗಬೇಕಾದ ಕ್ಷಣದಲ್ಲಿ ಅದು ಹಿಡಿದುಕೊಳ್ಳುತ್ತದೆ, ಸ್ಲೈಡ್ ಪೂರ್ತಿ ಮುಂದೆ ಬಂದು ಕೂರುವುದಿಲ್ಲ. ಆಗ ಮಾಲೀಕ ಸ್ಪ್ರಿಂಗ್ ದುರ್ಬಲವೆಂದು ಬಗೆದು ಗಟ್ಟಿ ಸ್ಪ್ರಿಂಗ್ ತರಿಸುತ್ತಾನೆ. ಒಂದು ತಪ್ಪು ಮುಚ್ಚಲು ಎರಡನೆಯದು.

ಹಿಂಬದಿಯ ಬೀವರ್‌ಟೇಲ್ ಗ್ರಿಪ್ ಸೇಫ್ಟಿ ಕೂಡದಿದ್ದರೆ ಅಪಾಯ ಕಡಿಮೆ, ಅಂದಗೇಡು ಹೆಚ್ಚು. ಅದನ್ನು ಚೆನ್ನಾಗಿ ಕೂರಿಸಲು ಫ್ರೇಮಿನ ಕಿವಿಗಳನ್ನೇ ಗುಂಡಗೆ ಅರೆಯಬೇಕು.

ಹೆಬ್ಬೆರಳಿನ ಸೇಫ್ಟಿಯ ಮಾತು ಬೇರೆ. ಹೊಸ ಸೇಫ್ಟಿ ಮೇಲಕ್ಕೇರುತ್ತಿಲ್ಲ ಎಂಬುದು ಬಹುಶಃ ಎಲ್ಲಕ್ಕಿಂತ ಸಾಮಾನ್ಯ ದೂರು. ಅದು ದೋಷವೇ ಅಲ್ಲ. ಸಿಯರ್ ಎಂಬ ತಡೆತುಂಡನ್ನು ಒತ್ತಿ ಹಿಡಿಯುವ ಮೂಲೆಯಲ್ಲಿ ತಯಾರಕರು ಬೇಕೆಂದೇ ಲೋಹ ಹೆಚ್ಚು ಬಿಟ್ಟಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಕಡಿಮೆ ಅರೆದರೆ ಸೇಫ್ಟಿ ಏರದು. ಕೂದಲೆಳೆಯಷ್ಟು ಹೆಚ್ಚು ಅರೆದರೆ ಸಲೀಸಾಗಿ ಏರುತ್ತದೆ, ಟಕ್ಕೆಂದು ಸದ್ದೂ ಮಾಡುತ್ತದೆ, ಆದರೆ ಸಿಯರನ್ನು ಹಿಡಿಯುವುದಿಲ್ಲ. ನೋಡಲು ಸರಿಯಿರುವ ಪಿಸ್ತೂಲು ಆಗ ಎಲ್ಲಕ್ಕಿಂತ ಅಪಾಯಕಾರಿ. ಹಾಗಾದ ಸೇಫ್ಟಿಯನ್ನು ಒಳ್ಳೆಯ ಕುಶಲಿ ಸರಿಪಡಿಸುವ ಗೋಜಿಗೆ ಹೋಗದೆ ಕಸಕ್ಕೆ ಎಸೆಯುತ್ತಾನೆ. ಹವ್ಯಾಸಿ ಕೈ ಹಾಕಬಾರದ ಜಾಗ ಇದ್ದರೆ ಇದೇ.

ಕಸುಬಿನವರ ದಾರಿ ನಿಧಾನದ್ದು. ಮೊದಲು ಹಳೆಯ ಭಾಗ ಮರಳಿ ಹಾಕಿ, ತೊಂದರೆ ಹೋಯಿತೇ ನೋಡುತ್ತಾರೆ. ಹೊಸ ಭಾಗವನ್ನು ದೂರುವ ಮೊದಲು ಮ್ಯಾಗಜೀನ್ ಬದಲಿಸುತ್ತಾರೆ, ಏಕೆಂದರೆ ಪಿಸ್ತೂಲಿನ ಎಷ್ಟೋ ರೋಗಗಳು ಮ್ಯಾಗಜೀನಿನವು. ಒಂದು ಸಲಕ್ಕೆ ಒಂದೇ ಬದಲಾವಣೆ. ಆಮೇಲೆ ನೀಲಿ ಬಣ್ಣ ಬಳಿದು ಭಾಗವನ್ನು ಕೂರಿಸಿ ತೆಗೆದರೆ, ಬಣ್ಣ ಉಜ್ಜಿಹೋದಲ್ಲಿ ಲೋಹ ತಗಲುತ್ತಿದೆ ಎಂದರ್ಥ. ಅರ ಆಡುವುದು ಅಲ್ಲಿ ಮಾತ್ರ, ಎರಡು ಎಳೆತ, ಮತ್ತೆ ಬಣ್ಣ. ಅರೆಯಬೇಕಾದ್ದು ಸಾಧ್ಯವಾದಷ್ಟೂ ಅಗ್ಗದ ಭಾಗವನ್ನು. ಫ್ರೇಮಿಗೆ ಅರ ತಾಗಿಸುವುದು ಕಟ್ಟಕಡೆಗೆ. ಕೊಲೊರಾಡೊದ ಟ್ರಿನಿಡಾಡ್ ಸ್ಟೇಟ್ ಕಾಲೇಜು 1947ರಿಂದಲೂ ಈ ವಿದ್ಯೆ ಕಲಿಸುತ್ತಿದೆ.

ಈ ಕಸುಬಿನ ಶಕ್ತಿ, ಮಿತಿ ಎರಡನ್ನೂ ತೋರಿಸಿದ ಪ್ರಕರಣ ವರ್ಜೀನಿಯಾದ ಕ್ವಾಂಟಿಕೋ ಸೇನಾನೆಲೆಯದು. 1980ರ ದಶಕದಲ್ಲಿ ಸೇನೆಯೆಲ್ಲ ಬೆರೆಟ್ಟಾದತ್ತ ಹೊರಳುತ್ತಿದ್ದಾಗ ಮರೀನ್ ಪಡೆಯ ವಿಶೇಷ ತುಕಡಿಗಳು .45 ಬಿಡಲು ಒಪ್ಪಲಿಲ್ಲ. ಸೇನೆ 1945ರ ನಂತರ ಹೊಸ 1911 ಕೊಂಡೇ ಇರಲಿಲ್ಲ. ಕ್ವಾಂಟಿಕೋದ ಕುಶಲಿಗಳು ಉಗ್ರಾಣದಲ್ಲಿದ್ದ ಹಳೆಯ ಫ್ರೇಮುಗಳನ್ನು ಆರಿಸಿ, ಪೇಟೆಯಲ್ಲಿ ಸಿಗುವ ಬಾರ್-ಸ್ಟೋ ಕಂಪನಿಯ ನಳಿಗೆ, ಎರಡು ಬದಿಯ ಸೇಫ್ಟಿ, ಹೊಸ ಟ್ರಿಗರ್ ತಂದು ಒಂದೊಂದನ್ನೂ ಕೈಯಿಂದ ಕೂಡಿಸಿದರು. ಪಿಸ್ತೂಲುಗಳು ಅದ್ಭುತವಾಗಿದ್ದವು. ಆದರೆ ಒಂದರ ಭಾಗ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ರಿಪೇರಿಗೆ ತಿರುಗಿ ಆ ಕುಶಲಿಗಳ ಕೈಗೇ ಬರಬೇಕಿತ್ತು. ಕೊನೆಗೆ 2012ರಲ್ಲಿ ಮರೀನ್ ಪಡೆ ಕೋಲ್ಟ್ ಕಾರ್ಖಾನೆಗೆ ಹೊಸ ಪಿಸ್ತೂಲುಗಳ ಬೇಡಿಕೆ ಸಲ್ಲಿಸಿತು.

ಆಸ್ಟ್ರಿಯಾದ ಗ್ಲಾಕ್ ಈ ಅರದ ಗೊಡವೆಯನ್ನೇ ಬಹುಮಟ್ಟಿಗೆ ತಪ್ಪಿಸಿತು. 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿದ ಈ ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲಿನಲ್ಲಿ ಕೈಯಿಂದ ಅರೆಯುವಂಥದ್ದು ಕಡಿಮೆ. ಆದರೂ ಮೂರನೇ ತಲೆಮಾರಿನದಕ್ಕೆ ಐದನೆಯದರ ನಳಿಗೆ ತಂದರೆ ಕೂಡದು. ಅಲ್ಲಿ ಬೇಕಾದ್ದು ಅರವಲ್ಲ, ಕೊಳ್ಳುವ ಮೊದಲು ಓದುವ ತಾಳ್ಮೆ.

ಭಾಗಗಳು ತಮ್ಮಷ್ಟಕ್ಕೆ ಕೂಡಬೇಕೆಂಬ ಕನಸು ಹಳೆಯದು. 1785ರಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಫ್ರಾನ್ಸಿನಲ್ಲಿ ಒನೊರೆ ಬ್ಲಾಂಕ್ ಎಂಬ ಬಂದೂಕುಗಾರನ ರಾಶಿಯಿಂದ ಸಿಕ್ಕ ಸಿಕ್ಕ ಭಾಗಗಳನ್ನೆತ್ತಿ ಬಂದೂಕಿನ ಕುದುರೆ ಯಂತ್ರಗಳನ್ನು ತಾನೇ ಜೋಡಿಸಿ ಬೆರಗಾದ. 1801ರಲ್ಲಿ ಬಂದೂಕು ತಯಾರಕ ಎಲಿ ವಿಟ್ನಿ ವಾಷಿಂಗ್ಟನ್ನಿನಲ್ಲಿ ಅಂಥದೇ ಪ್ರದರ್ಶನ ಕೊಟ್ಟ; ಅವನ ಬಂದೂಕುಗಳ ಭಾಗಗಳು ನಿಜಕ್ಕೂ ಅದಲುಬದಲಾಗುವಂತಿರಲಿಲ್ಲ ಎಂದು ಇತಿಹಾಸಕಾರರು ಆಮೇಲೆ ಕಂಡುಕೊಂಡರು. ಅದನ್ನು ಸಾಧಿಸಿದ್ದು 1820ರ ದಶಕದಲ್ಲಿ, ಹಾರ್ಪರ್ಸ್ ಫೆರಿಯ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ, ಜಾನ್ ಹಾಲ್.

ಮನೆಯಲ್ಲೇ ಪಿಸ್ತೂಲಿಗೆ ಬಿಡಿಭಾಗ ಕೂಡಿಸುವ ಹವ್ಯಾಸಕ್ಕೆ ನಮ್ಮ ಭಾರತದಲ್ಲಿ ಎಡೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಕಸುಬಿನ ಬೇರು ಕಾಣಬಯಸುವವರು, ಬಾಸ್ಟನ್ ಸುತ್ತಮುತ್ತ ನೆಲೆಸಿದ ಕನ್ನಡಿಗರಂತೂ, ಒಂದು ಭಾನುವಾರ ಬಿಡುವು ಮಾಡಿಕೊಂಡು ಮ್ಯಾಸಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿಗೆ ಹೋಗಬಹುದು. 1794ರಲ್ಲಿ ಶುರುವಾಗಿ 1968ರಲ್ಲಿ ಮುಚ್ಚಿದ ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಬಂದೂಕಿನ ಮರದ ಹಿಡಿಯನ್ನು ಮಾದರಿ ನೋಡಿ ತಾನೇ ಕಡೆಯುತ್ತಿದ್ದ ಥಾಮಸ್ ಬ್ಲಾಂಚರ್ಡನ ಲೇತ್ ಅಲ್ಲಿದೆ. ಪ್ರವೇಶಕ್ಕೆ ಶುಲ್ಕವಿಲ್ಲ.