ನಕಾಶೆಯಲ್ಲಿ ನಾನಿಟ್ಟ ಚಿತ್ರಗಳು

ಬರೆಯುವುದಕ್ಕಿಂತ ಬರೆದುದನ್ನು ಹೊಡೆದುಹಾಕುವುದೇ ಕಷ್ಟವೆಂದು, ಪ್ರಬಂಧ ರಚನೆಯ ಪಾಠ ಮಾಡುವಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಆ ಮಾತು ನನ್ನ ಮೇಲೆಯೇ ತಿರುಗಿ ಬಂದದ್ದು ಕಳೆದ ಬೇಸಿಗೆಯ ರಜೆಯಲ್ಲಿ.

ಹೋದ ಹೋದಲ್ಲೆಲ್ಲ ಫೋಟೋ ತೆಗೆದು ಗೂಗಲ್ ಮ್ಯಾಪ್ಸಿಗೆ ಏರಿಸುವ ಚಟ ನನಗೆ ಅಂಟಿಕೊಂಡು ಏಳೆಂಟು ವರ್ಷಗಳಾದುವು. ದೇವಾಲಯ, ಕೆರೆಯ ಏರಿ, ಬಸ್ಸು ನಿಲ್ದಾಣ, ಹೋಟೆಲಿನ ದರಪಟ್ಟಿ, ಕಡೆಗೆ ತಟ್ಟೆಯಲ್ಲಿದ್ದ ಮಸಾಲೆದೋಸೆ, ಯಾವುದನ್ನೂ ಬಿಟ್ಟವನಲ್ಲ. ಚಿತ್ರವೊಂದಕ್ಕೆ 5 ಅಂಕ, ವಿಮರ್ಶೆಗೆ 10, ಲಕ್ಷ ಅಂಕವಾದರೆ ಹತ್ತನೆಯ ದರ್ಜೆ! ಅಂಕಗಳ ಬೆನ್ನು ಹತ್ತಬೇಡಿರೆಂದು ಮಕ್ಕಳಿಗೆ ಉಪದೇಶಿಸುವ ಅಧ್ಯಾಪಕನ ಗತಿ ಇದು.

ನಕಾಶೆಗೆ ಜನರೇ ಚಿತ್ರ ಒದಗಿಸುವ ಪದ್ಧತಿ ಹೊಸದೇನಲ್ಲ. ಸ್ಪೇನಿನ ಇಬ್ಬರು 2005ರಲ್ಲಿ ಆರಂಭಿಸಿದ ‘ಪನೋರಾಮಿಯೊ’ವನ್ನು ಗೂಗಲ್ 2007ರಲ್ಲಿ ಕೊಂಡು, 2016ರಲ್ಲಿ ಮುಚ್ಚಿತು. ನಮ್ಮಲ್ಲಿಯಂತೂ 2011ರಲ್ಲಿ ಬೆಂಗಳೂರಿನ ಬೀದಿಗಳನ್ನು ಚಿತ್ರಿಸಹೊರಟ ಗೂಗಲಿನ ಕಾರುಗಳನ್ನು ಪೊಲೀಸರು ತಡೆದರು. ಬೀದಿನೋಟದ ಸೌಕರ್ಯ ಮತ್ತೆ ಬಂದದ್ದು 2022ರಲ್ಲಿ. ನಡುವಣ ಆ ಹನ್ನೊಂದು ವರ್ಷ ಅಪರಿಚಿತ ಊರಿನ ಗುರುತು ಹಿಡಿಯಲು ನಮ್ಮಂಥವರ ಚಿತ್ರಗಳೇ ಆಧಾರವಾಗಿದ್ದುವೆಂದು ನಾನು ಬೀಗಿದ್ದೆ.

ಆ ಬೀಗು ಇಳಿದದ್ದು ಮುತ್ತತ್ತಿಯ ಚಿತ್ರದಿಂದ. ಮಳವಳ್ಳಿ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಕಾವೇರಿ ನೋಡಲು ಸೌಮ್ಯ. ಆದರೆ ಸುಳಿಗಳಿಗೆ ಕುಖ್ಯಾತಳು. ಮಾರ್ಚ್ ತಿಂಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು, ಹೊಳೆಯ ನಡುವಣ ಬಂಡೆಯ ಮೇಲೆ ನಿಂತು ಹಿಂದೊಮ್ಮೆ ಫೋಟೋ ತೆಗೆಸಿಕೊಂಡಿದ್ದೆ. ನನ್ನ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ಒಂದು ದಿನ ಎರಡನೆಯ ವರ್ಷದ ಹುಡುಗನೊಬ್ಬ ಬಲು ಉತ್ಸಾಹದಿಂದ, “ಸಾರ್, ನೀವು ನಿಂತಿದ್ದಿರಲ್ಲ, ಆ ಬಂಡೆಗೇ ಹೊರಟಿದ್ದೆವು. ಒಬ್ಬ ಸುಳಿಗೆ ಸಿಕ್ಕಿಬಿಟ್ಟ. ಹರಿಗೋಲಿನವರು ಎಳೆದುಹಾಕಿದರು” ಎಂದ. ಅವರು ಹೋದದ್ದು ಆಗಸ್ಟಿನಲ್ಲಿ. ಹುಡುಗನ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಮೆಚ್ಚಿಕೆಯಿತ್ತು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಮೊದಲು ಅದನ್ನು ಅಳಿಸಿದೆ. ಕ್ರಮವೇನೋ ಸುಲಭ: ಮೊಬೈಲಿನ ಮ್ಯಾಪ್ಸಿನಲ್ಲಿ ನಮ್ಮ ಖಾತೆಯ ಪ್ರೊಫೈಲಿಗೆ ಹೋಗಿ, ಚಿತ್ರ ತೆರೆದು, ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿದರಾಯಿತು. ನಕಾಶೆಯಿಂದ ಚಿತ್ರ ಹೋದರೂ ಫೋನಿನಲ್ಲಿರುವ ಮೂಲಪ್ರತಿ ಅಲ್ಲಿಯೇ ಉಳಿಯುತ್ತದೆ.

ಒಂದಕ್ಕೆ ಕೈಯಿಟ್ಟ ಮೇಲೆ ಉಳಿದವುಗಳ ಕಡೆಗೂ ಕಣ್ಣು ಹರಿಯಬೇಕಷ್ಟೆ. ಮಸುಕಾದುವು, ಒಂದೇ ಗೋಪುರದ ಆರು ಪಡಿಯಚ್ಚುಗಳು ತಡವಿಲ್ಲದೆ ಹೋದುವು. ಹಳೆಯ ದರಪಟ್ಟಿಯನ್ನು ನಂಬಿ ಎಷ್ಟು ಸಂಸಾರಗಳು ಹೋಟೆಲಿನಲ್ಲಿ ಪೆಚ್ಚಾದುವೋ! ಪಕ್ಕದ ಊರಿನ ಕಲ್ಯಾಣಿಯ ಚಿತ್ರವೊಂದು ನಮ್ಮೂರ ಕಲ್ಯಾಣಿಯ ಹೆಸರಿನಲ್ಲಿತ್ತು. ಅದನ್ನು ತೆಗೆದು ಸರಿಯಾದ ಜಾಗದಲ್ಲಿ ಮತ್ತೆ ಸೇರಿಸಿದೆ.

ನನ್ನಾಕೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವಳು, ಹೊಳೆಯ ಮೆಟ್ಟಿಲಿನ ಚಿತ್ರವೊಂದು ಬಂದಾಗ, “ಅಲ್ರೀ, ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ನಿಂತಿದಾರೆ ಆಕೆ. ನಿಮ್ಮ ತಂಗಿಯಾಗಿದ್ದರೆ ಹಾಕುತ್ತಿದ್ದಿರಾ?” ಎಂದಳು. ನಾಲ್ಕು ವರ್ಷ ಆ ಚಿತ್ರ ಅಲ್ಲಿತ್ತು. ನನಗೆ ಕಂಡಿದ್ದುದು ಮಂಟಪ ಮಾತ್ರ. ಬೀದಿನೋಟದ ಚಿತ್ರಗಳಲ್ಲಿ ಯಂತ್ರವೇ ಮುಖಗಳನ್ನು ಮಸುಕುಮಾಡುತ್ತದೆ. ನಾವು ಏರಿಸುವ ಚಿತ್ರಗಳಲ್ಲಿ ಆ ಹೊಣೆ ನಮ್ಮದು.

ಕಡೆಗೆ ಸೋಮನಾಥಪುರ ಬಂತು. 2023ರಲ್ಲಿ ಬೇಲೂರು ಹಳೇಬೀಡುಗಳೊಂದಿಗೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕೇಶವ ದೇವಾಲಯದ ಅಂದವಾದ ಚಿತ್ರಗಳಿಗೆ ಬರವಿಲ್ಲ. ನನ್ನದರಲ್ಲಿ ಗೋಪುರ ಓರೆಯಾಗಿದೆ. ಜಗತಿಯ ಅಂಚಿನಲ್ಲಿ ಕುಳಿತ ನಮ್ಮ ತಂದೆ ಪಂಚೆಯ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಅವರು ನಮ್ಮೊಡನೆ ಹೊರಟ ಕೊನೆಯ ಪ್ರವಾಸವದು. ನಾನೇ ಹಾಕಿಕೊಂಡ ನಿಯಮದಂತೆ ಅದೂ ಹೋಗತಕ್ಕದ್ದೇ. ಫೋನಿನಲ್ಲಿ ಪ್ರತಿಯಿದೆಯೆಂದು ಅಮ್ಮನಿಗೆ ಸಮಾಧಾನ ಹೇಳಿದೆ. “ಫೋನಿನಲ್ಲಿ ನಾವು ನೋಡ್ತೀವಪ್ಪ. ಅಲ್ಲಿದ್ದರೆ ದೇವಸ್ಥಾನಕ್ಕೆ ಹೋಗೋರೆಲ್ಲ ನೋಡ್ತಾರಲ್ಲೋ” ಎಂದರು ಅಮ್ಮ.

ಸೋಮನಾಥಪುರಕ್ಕೆ ಹೊರಡುವ ಮುನ್ನ ನೀವು ನಕಾಶೆ ತೆರೆದಾಗ, ಓರೆಯಾದ ಗೋಪುರದ ಕೆಳಗೆ ಕನ್ನಡಕ ಒರೆಸುತ್ತಿರುವ ವೃದ್ಧರೊಬ್ಬರು ಕಂಡರೆ, ಅವರು ನಮ್ಮ ತಂದೆಯವರು.